ಕೋಡ್ 100ಕ್ಕೆ ಕೋಡ್ 75 ಗಂಟು ಹಾಕಿದ ಕಥೆ

ನಿನ್ನೆ ರಾತ್ರಿ ಹನ್ನೊಂದೂವರೆಗೆ ನನ್ನ ಮಾಡೆಲ್ ರೈಲಿನ ಎಂಟು ಬೋಗಿಯ ಗಾಡಿ, ಎರಡು ಬಗೆಯ ಹಳಿ ಸೇರುವ ಆ ಹಾಳು ಜಾಯಿಂಟನ್ನು ಹಳಿ ತಪ್ಪದೆ ದಾಟಿತು. ನಂಬಿಕೆ ಬರದೆ ಇಪ್ಪತ್ತು ಸಲ ಹಿಂದೆ ಮುಂದೆ ಓಡಿಸಿದೆ. ಮನೆಯವರು ಎದ್ದು ಬಂದು ಲೈಟ್ ಆರಿಸಿದರು.

ಹಿಂದಿನ ಯಾರ್ಡ್‌ಗೆ ನನ್ನ ಹಳೇ ಕೋಡ್ 100 ಹಳಿ. ಕಣ್ಣಿಗೆ ಕಾಣೋ ಸ್ಟೇಷನ್‌ಗೆ ಕೋಡ್ 75. ಕೋಡ್ ಅಂದರೆ ಇಂಚಿನ ಸಾವಿರದ ಲೆಕ್ಕದಲ್ಲಿ ಹಳಿಯ ಎತ್ತರ. ಗೇಜ್, ಅಂದರೆ ಜೋಡಿ ಹಳಿಗಳ ನಡುವಿನ ಅಂತರ, ಎರಡಕ್ಕೂ 16.5 ಮಿ.ಮೀ., ಆದರೆ ಎತ್ತರ ಒಂದು 2.54, ಇನ್ನೊಂದು 1.9. ಎರಡನ್ನೂ ಸೇರಿಸೋ ಜಾಯಿನರ್ ತರಿಸಿದೆ. ಐದು ವಾರ ಕಾದ ಮೇಲೆ ಬಂದಿದ್ದು ಕೋಡ್ 83ರದ್ದು! ಅಂಗಡಿಗೆ ಫೋನ್ ಮಾಡಿದರೆ "ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಅಂದರು.

ಸರಿ, ಅಡ್ಜಸ್ಟ್ ಮಾಡಿಕೊಂಡೆ. ಕೋಡ್ 100ರ ಜಾಯಿನರ್‌ನ ಅರ್ಧವನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ, ಅದರ ಮೇಲೆ ಸಣ್ಣ ಹಳಿ ಕೂರಿಸಿ ಬೆಸುಗೆ ಹಾಕಿದೆ. ಸ್ಲೀಪರ್ ಕೆಳಗೆ ಮದುವೆ ಕರೆಯೋಲೆ ಕತ್ತರಿಸಿ ಇಟ್ಟೆ. ಎರಡು ಪದರ ಸಾಕಾಯಿತು. ಉಗುರು ಎಳೆದು ನೋಡಿದರೆ ಮೇಲ್ಭಾಗ ನುಣ್ಣಗಿದೆ. ಗಾಡಿ ಬಿಟ್ಟೆ. ಎಂಜಿನ್ನಿನ ಮುಂದಿನ ಚಕ್ರ ಠಣ್ ಅಂತ ಹಾರಿತು. ಯಾರ್ಡ್‌ನಿಂದ ಸ್ಟೇಷನ್‌ಗೆ ಬರುವಾಗ ಏನೂ ಇಲ್ಲ, ವಾಪಸ್ ಹೋಗುವಾಗ ಮಾತ್ರ.

ಹಳಿಯ ಮೇಲ್ಭಾಗ ನುಣ್ಣಗಿತ್ತಲ್ಲ, ಹಾಗಾಗಿ ಎರಡು ವಾರ ಎಂಜಿನ್ನನ್ನೇ ಬೈದೆ. ಚಕ್ರ ಬಿಚ್ಚಿ ಅಳೆದೆ, ತೂಕ ಹಾಕಿದೆ. ಕೊನೆಗೆ ಉಗುರನ್ನು ಮೇಲೆ ಅಲ್ಲ, ಒಳಗಿನ ಪಕ್ಕದಲ್ಲಿ ಎಳೆದೆ. ಸಿಕ್ಕಿಬಿತ್ತು! ಕೋಡ್ 100ರ ತಲೆ ಅಗಲ ಜಾಸ್ತಿ. ನಾನು ಎರಡನ್ನೂ ನಡುವಿಗೆ ನಡು ಕೂರಿಸಿದ್ದೆ. ದಪ್ಪ ಹಳಿಯ ಒಳಮೂಲೆ ಕೂದಲೆಳೆಯಷ್ಟು ಹೊರಗೆ ಬಂದಿತ್ತು. ಅದಕ್ಕೇ ಚಕ್ರದ ಒಳಪಕ್ಕದ ಅಂಚು, ಅಂದರೆ ಫ್ಲ್ಯಾಂಜ್, ಹೋಗಿ ಗುದ್ದುತ್ತಿತ್ತು. ಬೆಸುಗೆ ಕಿತ್ತು, ಒಳಪಕ್ಕಕ್ಕೆ ಒಳಪಕ್ಕ ಹೊಂದಿಸಿ, ಮೂಲೆಯನ್ನು ಸಣ್ಣ ಅರದಲ್ಲಿ ಉಜ್ಜಿದೆ. ಗಡಿಬಿಡಿಯಲ್ಲಿ ಎರಡು ಸ್ಲೀಪರ್ ಕರಗಿದವು. ಜಲ್ಲಿ ಹಾಕಿ ಮುಚ್ಚಿದರಾಯಿತು.

ಅಂದಹಾಗೆ, ನಮ್ಮ ಬ್ರಾಡ್ ಗೇಜ್ 1:87ರಲ್ಲಿ, ಅಂದರೆ ನಿಜದ ಅಳತೆಯ 87ನೇ ಒಂದು ಭಾಗಕ್ಕೆ ಇಳಿಸಿದರೆ, 19 ಮಿ.ಮೀ. ದಾಟುತ್ತೆ, ನಾವೆಲ್ಲ 16.5ರ ಮೇಲೆ ಕಣ್ಣುಮುಚ್ಚಿ ಓಡಿಸ್ತೀವಿ. ಮೀಟರ್ ಗೇಜ್ ಆದರೆ 11.5, ಅಂದರೆ 12 ಮಿ.ಮೀ. ಹಳಿಗೆ ಹೆಚ್ಚುಕಡಿಮೆ ಸರಿ. ಮುಂದಿನ ಆಸೆ ಅದೇ: ಬೆಂಗಳೂರು–ಮೈಸೂರು ಮೀಟರ್ ಗೇಜ್ ಆಗಿದ್ದ ಕಾಲದ ಒಂದು ಪುಟ್ಟ ಸ್ಟೇಷನ್, ಒಂದು ವೈಪಿ ಉಗಿ ಎಂಜಿನ್. ಹಲಗೆ ಆಗಲೇ ಕೊಯ್ಯಿಸಿದ್ದೇನೆ, ಮನೆಯಲ್ಲಿ ಹೇಳಿಲ್ಲ.

ಒಂದು ಹಳೇ ಗೂಡ್ಸ್ ಡಬ್ಬಿ ಮಾತ್ರ ಕೋಡ್ 75 ಮೇಲೆ ಟಕಟಕ ಅನ್ನುತ್ತಿದೆ. ಅದರ ಫ್ಲ್ಯಾಂಜ್ ದೋಸೆ ಕಾವಲಿಯಷ್ಟಿದೆ, ಹಳಿ ಹಿಡಿಯೋ ಗುಬುಟುಗಳಿಗೆಲ್ಲ ತಾಗುತ್ತೆ. ಹೊಸ ಚಕ್ರಕ್ಕೆ ಆರ್ಡರ್ ಕೊಟ್ಟಿದ್ದೇನೆ. ಅದೇ ಅಂಗಡಿಗೆ. ಬೇರೆ ಯಾರೂ ಇಟ್ಟಿಲ್ಲ, ಏನು ಮಾಡೋದು?