ದಾಲಿಯೊ ನೋಟ್‌ಬುಕ್: ಇಲ್ಲಿಯವರೆಗೆ

ಫ್ರೆಂಚ್ ಪೋಷಕ ನಟ ಮಾರ್ಸೆಲ್ ದಾಲಿಯೊ ಅವರ ಸಿನಿಮಾಗಳನ್ನು ವರ್ಷದ ಕ್ರಮದಲ್ಲಿ ನೋಡಿ, ಒಂದೊಂದನ್ನೂ ನೋಟ್‌ಬುಕ್‌ನಲ್ಲಿ ಬರೆದಿಡುವ ಕೆಲಸ ಅರ್ಧ ದಾರಿ ದಾಟಿದೆ. ಕಾಲಂಗಳು ಕಮ್ಮಿ: ವರ್ಷ, ಸಿನಿಮಾ, ದೇಶ, ಕಥೆಯಲ್ಲಿ ಅವರ ಕಸುಬು, ಕೈಯಲ್ಲಿ ಏನಿದೆ. ಕೊನೆಯ ಕಾಲಂ ಈಗ ಎಲ್ಲಕ್ಕಿಂತ ಜಾಸ್ತಿ ತುಂಬಿದೆ. ದಾಲಿಯೊ ಕುಳ್ಳಗಿನ, ಚುರುಕು ಕಣ್ಣಿನ ಮನುಷ್ಯ. ಅವರು ಸುಮ್ನೆ ನಿಂತಿರುವುದು ಅಪರೂಪ. ಕೈಗೆ ಒಂದು ವಸ್ತು ಸಿಕ್ಕರೆ ಸಾಕು, ಆ ಪಾತ್ರ ಎಂಥದ್ದು ಅಂತ ನಮಗೆ ಗೊತ್ತಾಗಿಬಿಡುತ್ತದೆ.

1930ರ ದಶಕ (ಮುಗಿಯಿತು)

ಹಿನ್ನೆಲೆ ಮೊದಲು. ದಾಲಿಯೊ ಹುಟ್ಟಿದ್ದು 1899ರಲ್ಲಿ, ಪ್ಯಾರಿಸ್‌ನಲ್ಲಿ. ರೊಮೇನಿಯಾದಿಂದ ಬಂದ ಯಹೂದಿ ಕುಟುಂಬ. ನಿಜವಾದ ಹೆಸರು ಇಸ್ರಾಯೆಲ್ ಮೋಶೆ ಬ್ಲೌಶಿಲ್ಡ್. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಕಲಿತು, 1920ರ ದಶಕವನ್ನು ರಂಗದ ಮೇಲೆ ಕಳೆದರು. ಹಾಡು, ಹಾಸ್ಯ, ಕುಣಿತ ಎಲ್ಲ ಬೆರೆತ ರಿವ್ಯೂಗಳಲ್ಲಿ ಪಳಗಿದರು. ಸಿನಿಮಾಕ್ಕೆ ಬಂದ ಮೇಲೆ ಸಿಕ್ಕಿದ್ದು ಹೆಚ್ಚಾಗಿ ಕಳ್ಳಗಣ್ಣಿನವರ, ನಂಬಿಸಿ ಕೈಕೊಡುವವರ ಪಾತ್ರಗಳೇ. 1937ರ ‘ಪೆಪೆ ಲ ಮೊಕೊ’ದಲ್ಲೂ ಅವರು ಅಲ್ಜಿಯರ್ಸ್‌ನ ಗಲ್ಲಿಗಳಲ್ಲಿ ಓಡಾಡುವ ಪೊಲೀಸ್ ಮಾಹಿತಿದಾರ.

ಅದೇ ವರ್ಷ ನಿರ್ದೇಶಕ ಝಾನ್ ರೆನ್ವಾರ್ ‘ಲಾ ಗ್ರಾಂದ್ ಇಲ್ಯೂಸಿಯೋಂ’ ಸಿನಿಮಾದಲ್ಲಿ ಅವರಿಗೆ ರೋಸೆಂತಾಲ್ ಪಾತ್ರ ಕೊಟ್ಟರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಸೆರೆಸಿಕ್ಕ ಶ್ರೀಮಂತ ಯಹೂದಿ ಅಧಿಕಾರಿ. ಮನೆಯಿಂದ ಬರುವ ತಿಂಡಿ ಪಾರ್ಸೆಲ್‌ಗಳನ್ನು ಬಿಚ್ಚಿ ಜೊತೆಯ ಕೈದಿಗಳಿಗೆಲ್ಲ ಬಡಿಸುತ್ತಾನೆ. ಕಾವಲಿನವರ ತಟ್ಟೆಯಲ್ಲಿ ಎಲೆಕೋಸು, ಕೈದಿಗಳ ಮೇಜಿನ ಮೇಲೆ ಪ್ಯಾರಿಸ್‌ನ ಊಟ! ಆ ಡಬ್ಬಗಳನ್ನು ದಾಲಿಯೊ ಮುಟ್ಟುವ ರೀತಿ ನೋಡಿ. ಜಂಬ ಇದೆ, ಆದರೆ ಯಾರನ್ನೂ ಕೀಳು ಮಾಡುವ ಜಂಬವಲ್ಲ. ತನ್ನನ್ನೂ ಇವರು ತಮ್ಮವನು ಅಂದುಕೊಳ್ಳಲಿ ಅನ್ನುವ ಆಸೆ ಅದರೊಳಗೇ ಇದೆ.

ಆಮೇಲೆ ತಪ್ಪಿಸಿಕೊಂಡು ಓಡುವಾಗ ಅವನ ಕಾಲು ಉಳುಕುತ್ತದೆ. ಜೊತೆಗಾರ ಮಾರೆಶಾಲ್ (ಝಾನ್ ಗಾಬ್ಯಾಂ) ರೇಗಿ ಬಿಟ್ಟು ಹೊರಡುತ್ತಾನೆ. ರೋಸೆಂತಾಲ್ ಬಂಡೆಯ ಮೇಲೆ ಕೂತು, ಸಿಟ್ಟಿನಲ್ಲಿ ಒಂದು ಮಕ್ಕಳ ಹಾಡನ್ನು ಗಟ್ಟಿಯಾಗಿ ಹಾಡುತ್ತಾನೆ. ದೂರ ಹೋಗುತ್ತಿರುವ ಮಾರೆಶಾಲ್ ಬಾಯಲ್ಲೂ ಅದೇ ಹಾಡು. ಸ್ವಲ್ಪ ಹೊತ್ತಿಗೆ ಅವನು ವಾಪಸ್ ಬಂದು ಪಕ್ಕದಲ್ಲಿ ನಿಂತಿರುತ್ತಾನೆ. ಕ್ಷಮೆ ಕೇಳುವ ಮಾತೇ ಇಲ್ಲ. ಈ ದೃಶ್ಯವನ್ನು ನಾನು ಮತ್ತೆ ಮತ್ತೆ ಹಾಕಿ ನೋಡಿದೆ.

ಮುಂದಿನದು 1939ರ ‘ಲಾ ರೇಗ್ಲ್ ದ್ಯು ಝು’. ನೋಟ್‌ಬುಕ್‌ನಲ್ಲಿ ಇದಕ್ಕೆ ಹೆಚ್ಚು ಪುಟ ಹೋಗಿವೆ, ಹೋಗಲೇಬೇಕಿತ್ತು. ಇಲ್ಲಿ ದಾಲಿಯೊ ಒಬ್ಬ ಮಾರ್ಕ್ವಿಸ್, ಅಂದರೆ ಕುಲೀನ ಮನೆತನದವನು, ದೊಡ್ಡ ಬಂಗಲೆಯ ಒಡೆಯ. ಹೆಸರು ರೊಬೇರ್ ದ ಲಾ ಶೆನೆ. ಮಾಹಿತಿದಾರನ ಪಾತ್ರ ಮಾಡಿದವರನ್ನು ಆ ಕುರ್ಚಿಯಲ್ಲಿ ಕೂರಿಸಲು ರೆನ್ವಾರ್‌ಗೆ ಧೈರ್ಯ ಬೇಕಿತ್ತು, ಅಲ್ವಾ? ಅಡುಗೆಮನೆಯಲ್ಲಿ ಊಟಕ್ಕೆ ಕೂತ ಆಳುಗಳು ಯಜಮಾನನ ವಂಶದ ಬಗ್ಗೆ ಆಡಿಕೊಳ್ಳುತ್ತಾರೆ: ಅವನ ತಾಯಿಯ ಅಪ್ಪ ಫ್ರಾಂಕ್‌ಫರ್ಟ್‌ನ ರೋಸೆಂತಾಲ್ ಅಂತೆ. ಹಿಂದಿನ ಸಿನಿಮಾದ ಹೆಸರನ್ನೇ ರೆನ್ವಾರ್ ಇಲ್ಲಿಗೆ ತಂದಿದ್ದಾರೆ. ಆಗ ಅಡುಗೆಯವನು ಬೇರೆ ಕಥೆ ಹೇಳುತ್ತಾನೆ. ಆಲೂಗಡ್ಡೆ ಸಲಾಡ್‌ಗೆ ವೈನ್ ಹಾಕಬೇಕಾದದ್ದು ಆಲೂಗಡ್ಡೆ ಕುದಿಯುವಷ್ಟು ಬಿಸಿಯಿದ್ದಾಗಲೇ. ಕೈ ಸುಟ್ಟೀತು ಅಂತ ಅವನ ಕೈಕೆಳಗಿನ ಸೆಲೆಸ್ತ್ಯಾಂ ಹಾಗೆ ಮಾಡಿರಲಿಲ್ಲ. ಯಜಮಾನ ತಕ್ಷಣ ಕಂಡುಹಿಡಿದ. ಅಡುಗೆಯವನ ಲೆಕ್ಕದಲ್ಲಿ ದೊಡ್ಡ ಮನುಷ್ಯ ಅಂದರೆ ಅದು.

ಈ ಮಾರ್ಕ್ವಿಸ್‌ಗೆ ಹಳೆಯ ಯಂತ್ರದ ಗೊಂಬೆ, ಸಂಗೀತದ ಪೆಟ್ಟಿಗೆ ಕೂಡಿಹಾಕುವ ಹುಚ್ಚು. ಪಾರ್ಟಿಯ ರಾತ್ರಿ ತನ್ನ ಹೊಸ ಸಂಗ್ರಹವನ್ನು ಅತಿಥಿಗಳಿಗೆ ತೋರಿಸುತ್ತಾನೆ: ಒಂದು ದೊಡ್ಡ ಯಾಂತ್ರಿಕ ಆರ್ಗನ್. ಪರದೆ ಸರಿಯುತ್ತದೆ, ದೀಪಗಳು ಹೊತ್ತುತ್ತವೆ, ಗೊಂಬೆಗಳು ಗಂಟೆ ಬಾರಿಸುತ್ತವೆ. ಕ್ಯಾಮೆರಾ ಆ ಗೊಂಬೆಗಳ ಮೇಲೆ ನಿಧಾನ ಸರಿದು ದಾಲಿಯೊ ಮುಖಕ್ಕೆ ಬಂದು ನಿಲ್ಲುತ್ತದೆ. ಹೆಮ್ಮೆ ಉಕ್ಕುತ್ತಿದೆ, ಜೊತೆಗೆ ನಾಚಿಕೆ. ಎಲ್ಲರೂ ಮೆಚ್ಚಿದರಾ ಅನ್ನೋ ಅಳುಕು ಬೇರೆ. ಕೈಯಲ್ಲಿ ಕರವಸ್ತ್ರ. ತಾನು ತೆಗೆದ ಶಾಟ್‌ಗಳಲ್ಲಿ ಇದು ತುಂಬಾ ಒಳ್ಳೆಯದು ಅಂತ ರೆನ್ವಾರ್ ಮುಂದೆ ಹೇಳಿಕೊಂಡಿದ್ದಾರೆ. ನನಗೆ ಆ ಮಾತಿನಲ್ಲಿ ಎಳ್ಳಷ್ಟೂ ಅನುಮಾನವಿಲ್ಲ.

ಸಿನಿಮಾ ಪ್ಯಾರಿಸ್‌ನಲ್ಲಿ ತೆರೆಕಂಡದ್ದು 1939ರ ಜುಲೈನಲ್ಲಿ. ಜನ ಕೂಗಾಡಿದರು. ಕೆಲವೇ ತಿಂಗಳಲ್ಲಿ ನಿಷೇಧ ಬಂತು. ಮೂಲ ನೆಗೆಟಿವ್ ಯುದ್ಧದ ಬಾಂಬಿಗೆ ಹೋಯಿತು. ಉಳಿದ ಚೂರುಗಳನ್ನು ಹುಡುಕಿ ಜೋಡಿಸಿ 1959ರಲ್ಲಿ ಮತ್ತೆ ತೋರಿಸಿದರು. ನಾನು ನೋಡಿದ್ದೂ ಆ ಜೋಡಿಸಿದ ಸಿನಿಮಾವನ್ನೇ.

1940: ಸಿನಿಮಾ ಇಲ್ಲದ ಪುಟ

1940ರ ಸಾಲಿನಲ್ಲಿ ಬರೆಯಲು ಪಾತ್ರವಿಲ್ಲ. ಆದರೂ ಒಂದು ಇಡೀ ಪುಟ ಕೊಟ್ಟೆ. ಆ ಜೂನ್‌ನಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್‌ಗೆ ಬರುವ ಮುಂಚೆ ದಾಲಿಯೊ ಮತ್ತು ಅವರ ಎಳೆಯ ಹೆಂಡತಿ, ನಟಿ ಮಾದ್‌ಲೆನ್ ಲೆಬೊ, ಊರು ಬಿಟ್ಟರು. ಲಿಸ್ಬನ್‌ನಲ್ಲಿ ಚಿಲಿ ದೇಶದ ವೀಸಾ ಗಿಟ್ಟಿಸಿ ‘ಕ್ವಾಂಜಾ’ ಅನ್ನೋ ಪೋರ್ಚುಗೀಸ್ ಹಡಗು ಹತ್ತಿದರು. ಮೆಕ್ಸಿಕೊ ಮುಟ್ಟಿದ ಮೇಲೆ ಆ ವೀಸಾ ನಕಲಿ ಅಂತ ಗೊತ್ತಾಯಿತು. ಕೊನೆಗೆ ಕೆನಡಾದ ತಾತ್ಕಾಲಿಕ ಪಾಸ್‌ಪೋರ್ಟ್ ಸಿಕ್ಕಿ ಅಮೆರಿಕ ಸೇರಿದರು. ಅತ್ತ ಆಕ್ರಮಿತ ಫ್ರಾನ್ಸ್‌ನಲ್ಲಿ, ‘ಯಹೂದಿ ಹೀಗಿರುತ್ತಾನೆ’ ಅಂತ ತೋರಿಸಲು ನಾಜಿಗಳು ಪೋಸ್ಟರ್‌ಗೆ ಹಾಕಿದ್ದು ಇದೇ ದಾಲಿಯೊ ಮುಖವನ್ನು. ರೋಸೆಂತಾಲ್ ಆಗಿ ಜನರ ಮನಸ್ಸು ಗೆದ್ದ ಮುಖವದು. ಇದನ್ನು ಬರೆಯುವಾಗ ನಿಜಕ್ಕೂ ಹೊಟ್ಟೆ ಉರಿಯಿತು.

ಅಮೆರಿಕದ ಪುಟಗಳು (ನಡೆಯುತ್ತಿದೆ)

‘ಕಾಸಾಬ್ಲಾಂಕಾ’ (1942). ಕಸುಬು: ಜೂಜಿನ ಮೇಜಿನವನು, ಎಮಿಲ್. ಕೈಯಲ್ಲಿ: ರೂಲೆಟ್ ಚಕ್ರ, ಆಮೇಲೆ ದುಡ್ಡು. ಟೈಟಲ್ಸ್‌ನಲ್ಲಿ ಹೆಸರೂ ಇಲ್ಲ. ವೀಸಾಕ್ಕಾಗಿ ಪರದಾಡುವವರ ಕಥೆಯಲ್ಲಿ, ನಿಜವಾಗಿ ವೀಸಾಕ್ಕಾಗಿ ಪರದಾಡಿದ ಮನುಷ್ಯ ಒಂದು ಮೂಲೆಯಲ್ಲಿ ನಿಂತಿದ್ದಾರೆ. ಲೆಬೊ ಕೂಡ ಅದೇ ಸಿನಿಮಾದಲ್ಲಿದ್ದಾರೆ, ಕಣ್ಣೀರಿಟ್ಟು ಫ್ರಾನ್ಸ್‌ನ ರಾಷ್ಟ್ರಗೀತೆ ಹಾಡುವ ಹುಡುಗಿಯಾಗಿ. ಆ ವರ್ಷವೇ ಇಬ್ಬರೂ ಬೇರೆಯಾದರು.

ದುಡ್ಡಿಲ್ಲದ ಬಲ್ಗೇರಿಯಾದ ಹುಡುಗನಿಗೆ 22ರ ಮೇಲೆ ಕಟ್ಟು ಅಂತ ಜೂಜುಕಟ್ಟೆಯ ಮಾಲೀಕ ರಿಕ್ (ಹಂಫ್ರಿ ಬೊಗಾರ್ಟ್) ಹೇಳಿ ಎಮಿಲ್ ಕಡೆ ನೋಡುತ್ತಾನೆ. ಒಂದು ನೋಟ, ಅಷ್ಟೇ. 22 ಬೀಳುತ್ತದೆ, ಮತ್ತೂ ಬೀಳುತ್ತದೆ. ಇನ್ನೊಂದು ಕಡೆ, ಇಲ್ಲಿ ಜೂಜು ನಡೆಯುತ್ತಿದೆಯಾ ಅಂತ ಪೊಲೀಸ್ ಕ್ಯಾಪ್ಟನ್ ಗುಡುಗುವ ಹೊತ್ತಿಗೇ ಎಮಿಲ್ ಬಂದು ಅವನು ಗೆದ್ದ ದುಡ್ಡನ್ನು ಕೈಗಿಡುತ್ತಾನೆ. ಇಡೀ ನಗು ನಿಂತಿರುವುದು ಎಮಿಲ್ ಬರುವ ಸರಿಯಾದ ಕ್ಷಣದ ಮೇಲೆ. ರಂಗದಲ್ಲಿ ವರ್ಷಗಟ್ಟಲೆ ಪಳಗಿದವರಿಗೇ ಆ ಹದ ಸಿಗೋದು. 1955ರಲ್ಲಿ ಇದೇ ಕಥೆ ಟಿವಿ ಸರಣಿಯಾದಾಗ ದಾಲಿಯೊ ಮಾಡಿದ್ದು ಆ ಕ್ಯಾಪ್ಟನ್ ಪಾತ್ರವನ್ನೇ. ಆ ಕಂತುಗಳನ್ನು ಹುಡುಕುತ್ತಿದ್ದೇನೆ.

‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ (1944): ಮಾರ್ಟಿನೀಕ್‌ನ ಹೋಟೆಲ್ ಮಾಲೀಕ. ಮತ್ತೆ ಬೊಗಾರ್ಟ್ ಎದುರು, ಈ ಸಲ ಸಾಕಷ್ಟು ಮಾತಿದೆ.

ಯುದ್ಧದ ನಂತರ ಅವರು ಫ್ರಾನ್ಸ್‌ಗೆ ಮರಳಿದರು. ಆಮೇಲೆ ಎರಡೂ ಕಡೆ ಕೆಲಸ. ಹಾಲಿವುಡ್‌ಗೆ ಅವರು ಬೇಕಾಗಿದ್ದು ಒಬ್ಬ ‘ಫ್ರೆಂಚ್’ ಮನುಷ್ಯ ಬೇಕಾದಾಗ ಮಾತ್ರ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೂ ‘ಸಬ್ರೀನಾ’ದಲ್ಲಿ (1954) ಅಡುಗೆ ಶಾಲೆಗೆ ಬರುವ ಮುದಿ ಬ್ಯಾರನ್ ಆಗಿ ನೋಡಿ. ಹುಡುಗಿ ಒಲೆ ಹೊತ್ತಿಸೋದನ್ನೇ ಮರೆತಿದ್ದಾಳೆ. ಅಷ್ಟರಿಂದಲೇ ಅವಳ ಪ್ರೇಮ ಸೋತಿದೆ ಅಂತ ಹೇಳಿಬಿಡುತ್ತಾನೆ. ಪಾತ್ರ ಪುಟ್ಟದು, ಮನುಷ್ಯ ಪೂರ್ತಿ.

ಬಾಕಿ

ಸದ್ಯ 1950ರ ದಶಕದ ಕೊನೆಯಲ್ಲಿದ್ದೇನೆ. ಮುಂದೆ ‘ಡೊನೊವನ್ಸ್ ರೀಫ್’ (1963), ಅದರಲ್ಲಿ ಅವರು ಸೋರುವ ಇಗರ್ಜಿಯ ಪಾದ್ರಿ. ಅದಾದ ಮೇಲೆ ‘ಹೌ ಟು ಸ್ಟೀಲ್ ಎ ಮಿಲಿಯನ್’, ‘ಕ್ಯಾಚ್-22’. ನಾನು ಕಾಯುತ್ತಿರುವುದು 1973ರ ‘ರಬ್ಬಿ ಜಾಕೊಬ್’ಗೆ. ನಗಿಸುವ ಗದ್ದಲವೆಲ್ಲ ರಬ್ಬಿಯ (ಯಹೂದಿ ಧರ್ಮಗುರುವಿನ) ವೇಷ ಹಾಕಿದ ಹಾಸ್ಯನಟ ಲೂಯಿ ದ ಫ್ಯುನೆಸ್ ಅವರದು. ಆದರೆ ಮೂವತ್ತು ವರ್ಷ ನ್ಯೂಯಾರ್ಕ್‌ನಲ್ಲಿದ್ದು ಪ್ಯಾರಿಸ್‌ಗೆ ಹೊರಡುವ ಅಸಲಿ ರಬ್ಬಿ ದಾಲಿಯೊ. ಪೋಸ್ಟರ್‌ಗೆ ಏರಿಸಿದ ಅದೇ ಮುಖ, ಅದೇ ಊರಿನಲ್ಲಿ, ಈ ಸಲ ಎಲ್ಲರೂ ಸಂಭ್ರಮದಿಂದ ಎದುರುನೋಡುವ ಅತಿಥಿ. ನೋಟ್‌ಬುಕ್‌ನಲ್ಲಿ ಅದಕ್ಕೂ ಜಾಗ ಬಿಟ್ಟಿದ್ದೇನೆ. 1976ರಲ್ಲಿ ಬಂದ ಅವರ ಆತ್ಮಕಥೆಯನ್ನೂ ತರಿಸಬೇಕು, ಫ್ರೆಂಚ್ ಪಾಠ ಅದಕ್ಕೋಸ್ಕರ ಮುಂದುವರಿದಿದೆ.