ಪಹಣಿಯಲ್ಲಿ ಅಜ್ಜನ ಹೆಸರು, ಮನೆಯಲ್ಲಿ ಮದುವೆಯಾಗದ ಮೊಮ್ಮಗ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಎಂಟು ಹತ್ತು ಮಕ್ಕಳಿರುತ್ತಿದ್ದುದಕ್ಕೆ ಅಡಿಕೆ ಸುಗ್ಗಿಯೂ ಒಂದು ಕಾರಣ. ಇಳಿಸಿದ ಹಸಿ ಅಡಿಕೆ ರಾಶಿಯಲ್ಲೇ ಉಳಿದರೆ ಬಿಸಿಯೇರುತ್ತದೆ, ಬಣ್ಣ ಕೆಡುತ್ತದೆ, ಮಂಡಿಯಲ್ಲಿ ದರ ಬೀಳುತ್ತದೆ. ಹಾಗಾಗಿ ರಾತ್ರಿ ಊಟವಾದ ಮೇಲೂ ಮನೆಮಂದಿಯೆಲ್ಲ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರಬೇಕಿತ್ತು. ಹಲಗೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಕಾಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುವುದು. ಬೆಳಗಾದರೆ ಹಂಡೆಗೆ ಚೊಗರು (ಹಿಂದೆ ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ಬೇಯಿಸಿ ಚಪ್ಪರದ ಮೇಲೆ ಒಣಗಲು ಹರವುವುದು. ಉದುರಿ ಬಿದ್ದ ಅಡಿಕೆ ಹೆಕ್ಕುವುದು ಮಕ್ಕಳ ಪಾಲಿನ ಕೆಲಸ. ಹೆಣ್ಣಿನ ದುಡಿಮೆಗೂ ಬೆಲೆಯಿತ್ತು. ಹಲವು ಸಮುದಾಯಗಳಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ವರದಕ್ಷಿಣೆ ಬಂದದ್ದು ಆಮೇಲೆ.

ಈ ಲೆಕ್ಕ ತಪ್ಪಿದ್ದು ಪಾಲಾದಾಗ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 530 ಮರ. ನಾಲ್ಕು ಎಕರೆ ನಾಲ್ಕು ಗಂಡುಮಕ್ಕಳಿಗೆ ಹಂಚಿ, ಅವರ ಒಂದೊಂದು ಎಕರೆ ಮತ್ತೆ ಇಬ್ಬಿಬ್ಬರಿಗೆ ಹಂಚಿದರೆ ಮೊಮ್ಮಗನಿಗೆ ಸಿಗುವುದು 265 ಮರ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಕೂಲಿ, ಅಡಿಕೆ ಗೊನೆ ಇಳಿಸುವವರ ಕೂಲಿ ಅದರಲ್ಲೇ ಹೋಗಬೇಕು. 1951ರಲ್ಲಿ ಗೇಣಿದಾರರ ಹೋರಾಟವಾದ ಕಾಗೋಡು ಸತ್ಯಾಗ್ರಹ ನಡೆದ ನೆಲವಿದು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರ ಮಕ್ಕಳೂ ಸ್ವಂತ ಜಮೀನಿನ ಬಲದಲ್ಲಿ ಶಾಲೆಯತ್ತ ನಡೆದರು. ಸುಲಿಯುವ ಯಂತ್ರ ಬಂತು. ದುಡಿಯುವ ಕೈಯಾಗಿದ್ದ ಮಗು ಫೀಸು ಕಟ್ಟಬೇಕಾದ ಮಗುವಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳು 1992–93ರಲ್ಲಿ 2.85, 2019–21ರಲ್ಲಿ 1.7.

ಈಗಿನ ಸಂಕಟ, ತೋಟವಿರುವ ಹುಡುಗನಿಗೆ ಹೆಣ್ಣು ಸಿಗದಿರುವುದು. ಓದಿದ ಹುಡುಗಿಯರಿಗೆ ಹಳ್ಳಿ ಬೇಡ ಎಂದು ದೂರುವುದು ಅನ್ಯಾಯ. ಅವರು ಕೇಳುವುದು ನೇರ ಪ್ರಶ್ನೆ: ತೋಟ ಯಾರ ಹೆಸರಲ್ಲಿದೆ, ಮಂಡಿಯ ದುಡ್ಡು ಯಾರ ಖಾತೆಗೆ ಬರುತ್ತದೆ? ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಮೂವತ್ತು ದಾಟಿದ ಮಗನಿಗೆ ತನ್ನ ಹೆಸರಲ್ಲಿ ಬೆಳೆಸಾಲವೂ ಹುಟ್ಟುವುದಿಲ್ಲ. ಬರುವ ಸೊಸೆ ಪೆಟ್ರೋಲಿಗೂ ಮಾವನನ್ನು ಕೇಳಬೇಕು.

ಜಾತಕ ಕೈಗೆತ್ತಿಕೊಳ್ಳುವ ಮೊದಲು ಕಾಗದ ಸರಿಮಾಡಿ. ಮರಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಆಮೇಲೆ ಸರ್ವೆಗೆ ಅರ್ಜಿ ಹಾಕಿ, ಜಮೀನಿನ ಪಾಲುಗಳನ್ನು ಅಳೆದು ತೋರಿಸುವ 11ಇ ನಕ್ಷೆ. ಅದರ ಮೇಲೆ ನೋಂದಾಯಿತ ಪಾಲುಪಟ್ಟಿ. ಹೆಚ್ಚಾಗಿ ಎಡವುವುದು ವಂಶವೃಕ್ಷದಲ್ಲೇ, ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಟ್ಟು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ಬಂದ ರಾಜ್ಯ ತಿದ್ದುಪಡಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಹೆಸರು ಮುಚ್ಚಿಟ್ಟ ಪಾಲುಪಟ್ಟಿ ನಾಳೆ ಕೋರ್ಟಿಗೆ ಹೋಗುತ್ತದೆ. ಅವರ ಪಾಲಿನ ಬೆಲೆ ಕಟ್ಟಿ, ಹಣ ಕೊಟ್ಟು, ಅವರು ಮನಸಾರೆ ಒಪ್ಪಿದರೆ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ. ಅರಿಶಿನ-ಕುಂಕುಮ, ಸೀರೆ ಕೊಟ್ಟು ಸಹಿ ಹಾಕಿಸಿಕೊಳ್ಳುವ ರೂಢಿ ಬಿಡಬೇಕು.

ಮಂಡಿಯ ಹಣ ಮಗ-ಸೊಸೆಯ ಜಂಟಿ ಖಾತೆಗೆ ಬರಲಿ. ಅಪ್ಪ-ಅಮ್ಮನ ಔಷಧಿ, ಖರ್ಚಿಗೆ ವರ್ಷಕ್ಕೆ ಇಷ್ಟೆಂದು ಪಾಲುಪಟ್ಟಿಯಲ್ಲೇ ಬರೆಸಿ.