ಚಾರ್ಜಿಂಗ್ ಪೋರ್ಟಿಗೊಂದು ಲೈಟು: ಅಮ್ಮತ್ತಿಯ ಮಳೆಗಾಲದಲ್ಲಿ ಮಾಡಿದ ಕೆಲಸ

ಮೇ ಕೊನೆ

ನಮ್ಮ ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಪೋರ್ಟಿಗೆ ಲೈಟಿಲ್ಲ. ಪೆಟ್ರೋಲ್ ಕಾರಿನಲ್ಲಿ ಟ್ಯಾಂಕಿನ ಮುಚ್ಚಳ ಇರುವ ಜಾಗದಲ್ಲೇ, ಹಿಂದಿನ ಚಕ್ರದ ಮೇಲೆ ಪೋರ್ಟ್ ಇದೆ. ಶೆಡ್ಡಿನ ಬಲ್ಬು ಹಾಕಿದರೆ ಕಾರಿನ ನೆರಳು ಸರಿಯಾಗಿ ಆ ಬದಿಗೇ ಬೀಳುತ್ತದೆ. ಶೆಡ್ಡಿಗೆ ಮೂರು ಕಡೆ ಗೋಡೆಯಿಲ್ಲ, ಮಳೆ ಅಡ್ಡ ಹೊಡೆಯುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚಾರ್ಜಿಂಗ್ ಗನ್ನು (ಕೇಬಲ್ಲಿನ ತುದಿಯ ಹಿಡಿಕೆ) ಹಿಡಿದ ಮೇಲೆ ಟಾರ್ಚಿಗೆ ಕೈ ಉಳಿಯುವುದಿಲ್ಲ. ಅದರ ಮೇಲೆ ನಮ್ಮ ಕೊಡಗಿನ ಅಮ್ಮತ್ತಿ, ಸಿದ್ದಾಪುರ ಕಡೆ ಕತ್ತಲಾದ ಮೇಲೆ ಆನೆ ಯಾವ ತೋಟದಿಂದ ಯಾವ ತೋಟಕ್ಕೆ ದಾಟುತ್ತದೆ ಎಂದು ಹೇಳಲಾಗದು. ಅಂಗಳದಲ್ಲಿ ತಡಕಾಡುತ್ತಾ ನಿಲ್ಲುವ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದು.

ಮಳೆಯಲ್ಲಿ ಗನ್ ಚುಚ್ಚುವುದು ಅಪಾಯವಲ್ಲವೇ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಗನ್ ಚುಚ್ಚಿದ ಕೂಡಲೇ ಅದರಲ್ಲಿ ಕರೆಂಟ್ ಬರುವುದಿಲ್ಲ. ಪೋರ್ಟಿನಲ್ಲಿ ಪೈಲಟ್ ಅಂತ ಒಂದು ಪಿನ್ ಇದೆ. ಚಾರ್ಜರ್ ಅದರ ಮೇಲೆ 12 ವೋಲ್ಟ್ ಇಟ್ಟು ಕಾಯುತ್ತದೆ. ಗನ್ ಕೂತಾಗ ಕಾರಿನೊಳಗಿನ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಭಾಗ) ಅದನ್ನು 9ಕ್ಕೆ ಇಳಿಸುತ್ತದೆ, ಕಾರು ತಯಾರಾದಾಗ 6ಕ್ಕೆ ಇಳಿಯುತ್ತದೆ. 6 ಕಂಡ ಮೇಲೆಯೇ ಚಾರ್ಜರಿನ ರಿಲೇ, ಅಂದರೆ ಕರೆಂಟ್ ಬಿಡುವ ಸ್ವಿಚ್, ಟಕ್ ಎಂದು ಕೂರುವುದು. ಹಾಗಾಗಿ ನನಗೆ ಬೇಕಾಗಿದ್ದು ಧೈರ್ಯವಲ್ಲ, ಕಣ್ಣಿಗೆ ಕಾಣುವಷ್ಟು ಬೆಳಕು.

ಈ ಪೈಲಟ್ ತಂತಿಯಿಂದಲೇ ಒಂದು ಎಲ್ಇಡಿ ಎಳೆದುಬಿಟ್ಟರೆ ಗನ್ ಹಾಕಿದಾಗ ತಾನೇ ಉರಿಯುತ್ತದಲ್ಲ ಎಂದು ಒಬ್ಬ ಸ್ನೇಹಿತರು ಸಲಹೆ ಕೊಟ್ಟರು. ಇದನ್ನು ಯಾರೂ ಮಾಡಬಾರದು. 9, 6 ಎನ್ನುವ ಆ ಲೆಕ್ಕ ನಿಂತಿರುವುದೇ ಆ ತಂತಿಯ ಮೇಲೆ ಇಂತಿಷ್ಟೇ ರೆಸಿಸ್ಟೆನ್ಸ್ ಇರಬೇಕು ಎನ್ನುವುದರ ಮೇಲೆ. ಎಷ್ಟು ಆಂಪ್ ಎಳೆಯಬಹುದು ಎಂದು ಚಾರ್ಜರ್ ಕಾರಿಗೆ ಹೇಳುವುದೂ ಅದೇ ತಂತಿಯಲ್ಲಿ. ಸೆಕೆಂಡಿಗೆ 1000 ಸಲ ಏರಿಳಿಯುವ ಸಿಗ್ನಲ್ಲಿನ ಅಗಲ ನೋಡಿ ಕಾರು 10 ಆಂಪೋ 16 ಆಂಪೋ ಎಂದು ತಿಳಿಯುತ್ತದೆ. ಅಲ್ಲಿ ನಮ್ಮ ಎಲ್ಇಡಿ ಕೂತರೆ ಚಾರ್ಜಿಂಗ್ ನಿಲ್ಲಬಹುದು, ಅಥವಾ ಕಾರು ತಪ್ಪು ತಿಳಿಯಬಹುದು. ಡಿಕ್ಕಿಯ ಒಳಹೊದಿಕೆ ಬಿಚ್ಚಿದರೆ ಪೋರ್ಟಿನ ಹಿಂದಿನಿಂದ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳು ಕಾಣುತ್ತವೆ. ಅವು ಹೈ ವೋಲ್ಟೇಜ್. ಅದರ ಹತ್ತಿರ ಸ್ಕ್ರೂಡ್ರೈವರ್ ಕೂಡ ಹೋಗಬಾರದು. ಕೆಲಸ ಶುರು ಮಾಡುವ ಮೊದಲೇ ಇವೆರಡನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡೆ: ಚಾರ್ಜಿಂಗ್‌ಗೆ ಸೇರಿದ ಯಾವ ತಂತಿಯನ್ನೂ ಮುಟ್ಟುವುದಿಲ್ಲ, ಬಾಡಿಯ ತಗಡಿಗೆ ತೂತು ಕೊರೆಯುವುದಿಲ್ಲ. ಈ ತೇವದಲ್ಲಿ ಪೇಂಟ್ ಕಿತ್ತ ತಗಡು ಒಂದು ಮಳೆಗಾಲ ದಾಟುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ.

ಜೂನ್, ಮಳೆ ಹಿಡಿಯುವ ಮೊದಲು

ಯಾವ ಬಣ್ಣದ ಬೆಳಕು ಎನ್ನುವುದು ಮೊದಲು ತೀರ್ಮಾನವಾಗಬೇಕಿತ್ತು. ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ನೆಲದಿಂದ ಏಳುವ ಈಸಲು ಹುಳು ಗೊತ್ತಲ್ಲ, ರೆಕ್ಕೆ ಬಂದ ಗೆದ್ದಲು. ಬಿಳಿ ಟ್ಯೂಬ್‌ಲೈಟಿನ ಕೆಳಗೆ ಬುಟ್ಟಿಗಟ್ಟಲೆ ಬೀಳುತ್ತವೆ. ಹುಳುಗಳ ಕಣ್ಣಿಗೆ ನೇರಳಾತೀತ, ನೀಲಿ, ಹಸಿರು ಚೆನ್ನಾಗಿ ಕಾಣುತ್ತವೆ, ಹಳದಿ ದಾಟಿ ಕೆಂಪಿನ ಕಡೆ ಹೋದಂತೆ ಮಂಕಾಗುತ್ತದೆ. ಬಿಳಿ ಎಲ್ಇಡಿಯೊಳಗೆ ಇರುವುದೇ ನೀಲಿ ಚಿಪ್. ಶೆಡ್ಡಿನ ಕಂಬಕ್ಕೆ ಒಂದು ಬಿಳಿ ಎಲ್ಇಡಿ, ಆಚೆ ಕಂಬಕ್ಕೆ ಒಂದು ಅಂಬರ್ (ಕಿತ್ತಳೆ ಮಿಶ್ರಿತ ಹಳದಿ) ಎಲ್ಇಡಿ ಕಟ್ಟಿ ನೋಡಿದೆ. ಬಿಳಿಯ ಸುತ್ತ ಮೋಡವೇ ಕಟ್ಟಿತು. ಅಂಬರಿನ ಹತ್ತಿರ ಒಂದೆರಡು ಪತಂಗ ಬಂದು ಹೋದವು. ಪೋರ್ಟಿನ ತೂತುಗಳಿಗೆ ಹುಳು ಬಿದ್ದರೆ ತೆಗೆಯುವುದು ಕಷ್ಟ, ಅಲ್ಲಿಗೆ ಕಡ್ಡಿ ಹಾಕಿ ಕೆದಕುವುದಂತೂ ಸಲ್ಲ. ಅಂಬರ್ ಎಂದು ಅಲ್ಲಿಗೇ ನಿರ್ಧಾರವಾಯಿತು. ಕಾಫಿ ಬಣ್ಣದ ಬೆಳಕಲ್ಲಿ ಏನು ಕಾಣುತ್ತದೆ ಎಂದು ಮನೆಯವಳಿಗೆ ಅನುಮಾನವಿತ್ತು. ಪೋರ್ಟಿನಲ್ಲಿ ನೋಡಬೇಕಾಗಿರುವುದು ಕಪ್ಪು ಪ್ಲಾಸ್ಟಿಕ್ಕಿನ ಅಂಚು ಎಲ್ಲಿದೆ, ಮನೆಯ ಗನ್ ಕೂರುವ ಮೇಲಿನ ಏಳು ತೂತಿನ ಭಾಗ ಯಾವುದು, ಕೆಳಗಿನ ಡಿಸಿ (ಫಾಸ್ಟ್ ಚಾರ್ಜಿಂಗ್) ಭಾಗದ ಮುಚ್ಚಳ ಹಾಕಿದೆಯೇ ಎನ್ನುವುದು ಮಾತ್ರ. ಅದಕ್ಕೆ ಬಣ್ಣ ಬೇಕಿಲ್ಲ, ನೆರಳು ಬೀಳದಿದ್ದರೆ ಸಾಕು.

ಬೆಳಕನ್ನು ಮೇಲಿನಿಂದ ಮಾತ್ರ ಬಿಟ್ಟರೆ ಗನ್ ಹಿಡಿದ ಕೈಯ ನೆರಳೇ ತೂತುಗಳ ಮೇಲೆ ಬೀಳುತ್ತದೆ. ರಟ್ಟಿನ ತುಂಡಿಗೆ ಎಲ್ಇಡಿ ಚುಚ್ಚಿ ಬೇರೆ ಬೇರೆ ಕಡೆ ಹಿಡಿದು ನೋಡಿದ ಮೇಲೆ, ಎಡಬಲ ಎರಡೆರಡು, ಸ್ವಲ್ಪ ಒಳಕ್ಕೆ ಬಾಗಿಸಿ ಇಟ್ಟಾಗ ಎಲ್ಲ ಪಿನ್ನುಗಳೂ ಬುಡದವರೆಗೆ ಕಂಡವು.

ಕರೆಂಟ್ ಎಲ್ಲಿಂದ

ಡಿಕ್ಕಿ ಲೈಟಿನ 12 ವೋಲ್ಟಿನಿಂದ ತೆಗೆದರೆ ಸುಲಭ ಎನ್ನುವುದು ಮೊದಲ ಅಂದಾಜು. ಮಲ್ಟಿಮೀಟರ್ ಹಚ್ಚಿ ಕಾದು ನೋಡಿದರೆ, ಕಾರು ಲಾಕ್ ಮಾಡಿ ಸ್ವಲ್ಪ ಹೊತ್ತಿಗೆ ಆ ಲೈನು ಸತ್ತುಹೋಗುತ್ತದೆ. ಬ್ಯಾಟರಿ ಇಳಿಯದಿರಲಿ ಎಂದು ಕಾರೇ ಕತ್ತರಿಸುತ್ತದೆ. ಬೆಳಗಿನ ಜಾವ ಗನ್ ತೆಗೆಯಲು ಬಂದಾಗ ಅಲ್ಲಿ ಏನೂ ಇರುವುದಿಲ್ಲ. ಸದಾ ಜೀವ ಇರುವ ಇನ್ನೊಂದು ಲೈನು ಹುಡುಕಿ ಕಂಪನಿಯ ವೈರಿಂಗ್ ಕೊಯ್ಯುವ ಮನಸ್ಸು ನನಗಿಲ್ಲ, ವಾರಂಟಿ ಇನ್ನೂ ಇದೆ.

ಹಾಗಾಗಿ ಕಾರಿಗೆ ಸಂಬಂಧವೇ ಇಲ್ಲದ ಸ್ವಂತ ಬ್ಯಾಟರಿ: ಮೂರು ರೀಚಾರ್ಜ್ ಆಗುವ ಎಎ ಸೆಲ್, ನಿಕಲ್ ಮೆಟಲ್ ಹೈಡ್ರೈಡ್. ಲಿಥಿಯಂ ಬೇಡವೆಂದೆ. ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯೊಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ ಲಿಥಿಯಂ ಸೆಲ್ ಬಿಟ್ಟುಹೋಗುವುದು ನನಗೆ ಒಪ್ಪಿಗೆಯಿಲ್ಲ. ಮೂರು ಸೆಲ್ ಸೇರಿ 3.6 ವೋಲ್ಟ್. ಅಂಬರ್ ಎಲ್ಇಡಿಗೆ 2 ವೋಲ್ಟ್ ಸಾಕು, ಸೆಲ್ ಇಳಿಯುತ್ತಾ ಬಂದರೂ ಉರಿಯುತ್ತದೆ. ಬಿಳಿಯದಕ್ಕೆ 3 ವೋಲ್ಟ್ ಬೇಕು, ಬೇಗ ಮಂಕಾಗುತ್ತಿತ್ತು. ಹುಳುವಿಗಾಗಿ ಆರಿಸಿದ ಬಣ್ಣ ಬ್ಯಾಟರಿಗೂ ಒದಗಿಬಂತು.

ಒಂದೊಂದು ಎಲ್ಇಡಿಗೂ 100 ಓಮಿನ ರೆಸಿಸ್ಟರ್. ಸುಮಾರು 14 ಮಿಲಿ ಆಂಪ್, ನಾಲ್ಕಕ್ಕೆ 56. ಇದನ್ನು ಆನ್ ಆಫ್ ಮಾಡಲು ಯಾವ ರಿಪೇರಿ ಅಂಗಡಿಯಲ್ಲೂ ಸಿಗುವ ಬಿಸಿ547 ಟ್ರಾನ್ಸಿಸ್ಟರ್ ಸಾಕು. ಟೈಮರಿಗೆ ಎಟಿಟೈನಿ85 ಚಿಪ್, ಎಂಟೇ ಕಾಲಿನದು. ಅದು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬಂತು, ನಮ್ಮಲ್ಲಿ ಸಿಗಲಿಲ್ಲ. ಮುಚ್ಚಳ ತೆರೆದರೆ ಎದ್ದು 90 ಸೆಕೆಂಡ್ ಬೆಳಕು ಕೊಟ್ಟು ಮಲಗುತ್ತದೆ. 90 ಸೆಕೆಂಡಿಗೆ ಖರ್ಚಾಗುವುದು 1.4 ಮಿಲಿ ಆಂಪ್ ಅವರ್. ಸೆಲ್ಲಿನಲ್ಲಿರುವುದು 2000. ಚಾರ್ಜ್ ಆಗುವಾಗ ಮುಚ್ಚಳ ರಾತ್ರಿಯಿಡೀ ತೆರೆದೇ ಇರುತ್ತದೆ, ಅದಕ್ಕೇ ಟೈಮರ್ ಬೇಕೇಬೇಕು. ಹಾಗೇ ಬಿಟ್ಟರೆ ಎಂಟು ಗಂಟೆಗೆ 450 ಹೋಗುತ್ತದೆ, ನಾಲ್ಕೈದು ರಾತ್ರಿಗೆ ಸೆಲ್ ಖಾಲಿ.

ಲೈಟಿನ ಖರ್ಚಿಗಿಂತ ಲೈಟಿಲ್ಲದ ಹೊತ್ತಿನ ಖರ್ಚು ನನ್ನ ತಲೆ ತಿಂದಿತು. ಮುಚ್ಚಳ ತೆರೆದಿದೆಯೇ ಎಂದು ತಿಳಿಯಲು ಹಾಕಿದ್ದು ರೀಡ್ ಸ್ವಿಚ್, ಅಯಸ್ಕಾಂತ ಹತ್ತಿರ ಬಂದರೆ ಒಳಗಿನ ಎರಡು ಲೋಹದ ಪಟ್ಟಿ ಅಂಟಿಕೊಳ್ಳುವ ಗಾಜಿನ ಕೊಳವೆ. ಮುಚ್ಚಳ ಹಾಕಿದ್ದಷ್ಟು ಹೊತ್ತೂ ಅದು ಅಂಟಿಕೊಂಡೇ ಇರುತ್ತದೆ, ಪಿನ್ನನ್ನು ಪ್ಲಸ್ ಕಡೆಗೆ ಹಿಡಿದಿಡುವ, ಚಿಪ್ಪಿನೊಳಗಿನ ಪುಲ್‌ಅಪ್ ರೆಸಿಸ್ಟರಿನಿಂದ ಗ್ರೌಂಡಿಗೆ ಸದಾ ಹರಿಯುತ್ತಿರುತ್ತದೆ. ಒಳಗಿನ ರೆಸಿಸ್ಟರ್ 20ರಿಂದ 50 ಕಿಲೋ ಓಮ್. ಅಂದರೆ 100 ಮೈಕ್ರೋ ಆಂಪ್ ಆಸುಪಾಸು, ದಿನಕ್ಕೆ 2.4 ಮಿಲಿ ಆಂಪ್ ಅವರ್. ಬೆಳಕು ಕೊಡುವುದಕ್ಕಿಂತ ಸುಮ್ಮನಿರುವುದಕ್ಕೇ ಹೆಚ್ಚು! ಒಳಗಿನದನ್ನು ಬಿಟ್ಟು ಹೊರಗೆ 1 ಮೆಗಾ ಓಮ್ ಹಾಕಿದರೆ ಖರ್ಚು ಇಲ್ಲವೆಂಬಷ್ಟಾಗುತ್ತದೆ. ಆದರೆ ಇದು ಕೊಡಗು. ಬೋರ್ಡಿನ ಮೇಲೆ ತೇವದ ಪಸೆ ಕೂತರೆ ಅದೇ ಒಂದು ರೆಸಿಸ್ಟರಾಗಿ ಪಿನ್ನನ್ನು ಕೆಳಕ್ಕೆ ಎಳೆದು, ಮುಚ್ಚಳ ತೆರೆದಿದ್ದರೂ ಮುಚ್ಚಿದೆ ಎಂದು ಚಿಪ್ಪಿಗೆ ತೋರಿಸುತ್ತದೆ. ಕೊನೆಗೆ 470 ಕಿಲೋ ಓಮ್ ಇಟ್ಟೆ. ದಿನಕ್ಕೆ 0.18 ಮಿಲಿ ಆಂಪ್ ಅವರ್. ಬೋರ್ಡಿಗೆ ಎರಡೂ ಕಡೆ ಪಾರದರ್ಶಕ ನೈಲ್ ಪಾಲಿಶ್ ಬಳಿದು ಒಣಗಿಸಿದೆ. ಚಿಪ್ಪನ್ನು ಪೂರ್ತಿ ಮಲಗಿಸುವಾಗ ಒಳಗೆ ವೋಲ್ಟೇಜ್ ಅಳೆಯುವ ಎಡಿಸಿ ಮತ್ತು ಚಿಪ್ ಸಿಕ್ಕಿಕೊಂಡರೆ ರೀಸೆಟ್ ಮಾಡುವ ವಾಚ್‌ಡಾಗ್ ಎರಡನ್ನೂ ಆಫ್ ಮಾಡಬೇಕು. ಇಲ್ಲದಿದ್ದರೆ ಈ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಜುಲೈ

ಜೋಡಿಸುವ ಕೆಲಸ. ಎಲ್ಇಡಿ ಕೂರಿಸಲು ಮನೆ ವೈರಿಂಗಿನ ಪಿವಿಸಿ ಕೇಸಿಂಗ್ ಪಟ್ಟಿಯ ಎರಡು ತುಂಡು ತೆಗೆದುಕೊಂಡೆ. ಅದು ತುಕ್ಕು ಹಿಡಿಯುವುದಿಲ್ಲ, ಚಾಕುವಿಗೆ ಬಗ್ಗುತ್ತದೆ, ಬಿಸಿ ಗಾಳಿಗೆ ಬಾಗುತ್ತದೆ. ತೂತುಗಳೆಲ್ಲ ಆ ಪಟ್ಟಿಗೆ ಮಾತ್ರ. ಮುಚ್ಚಳದ ಲಾಕಿನ ವೈರು ಒಳಹೋಗುವ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಒಂದು ಮೊದಲೇ ಇದೆ, ನನ್ನ ಎರಡು ಸಪೂರ ಕೇಬಲ್ ಅದರ ಮಗ್ಗುಲಿನಲ್ಲೇ ನುಸುಳಿದವು. ಗ್ರೋಮೆಟ್ ಮುಟ್ಟುವ ಮೊದಲು ಕೇಬಲ್ ಒಮ್ಮೆ ಕೆಳಕ್ಕೆ ಜೋತು ಮತ್ತೆ ಮೇಲೇರುವಂತೆ ಬಿಟ್ಟಿದ್ದೇನೆ. ಹರಿದು ಬಂದ ನೀರು ಆ ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ.

ರೀಡ್ ಸ್ವಿಚ್ಚಿನ ಕಾಲು ಬಗ್ಗಿಸುವಾಗ ಗಾಜಿನ ಬುಡವನ್ನು ಸಪೂರ ಇಕ್ಕಳದಲ್ಲಿ ಹಿಡಿದು ಆಚೆ ಭಾಗವನ್ನಷ್ಟೇ ಬಗ್ಗಿಸಬೇಕು. ನೇರ ಬಗ್ಗಿಸಿದರೆ ಗಾಜು ಬಿರುಕು ಬಿಟ್ಟು ಒಳಗೆ ಗಾಳಿ ಸೇರುತ್ತದೆ, ಆ ಬಿರುಕು ಕಣ್ಣಿಗೆ ಕಾಣುವುದೂ ಇಲ್ಲ. ಮುಚ್ಚಳಕ್ಕೆ ಅಂಟಿಸಿದ್ದು ಫೆರೈಟ್ ಅಯಸ್ಕಾಂತ, ಹಳೆಯ ಫ್ರಿಜ್ ಸ್ಟಿಕ್ಕರಿನದು. ನಿಯೋಡಿಮಿಯಂ ಬಲ ಹೆಚ್ಚು, ಆದರೆ ಮೇಲಿನ ಲೇಪ ಒಂದು ಚೂರು ಎದ್ದರೂ ತುಕ್ಕು ಹಿಡಿದು ಪುಡಿಯಾಗುತ್ತದೆ. ಫೆರೈಟಿಗೆ ಆ ಚಿಂತೆಯಿಲ್ಲ.

ಸಿಲಿಕೋನ್ ಕೊಳ್ಳುವಾಗ ನ್ಯೂಟ್ರಲ್ ಕ್ಯೂರ್ ಎಂದು ಬರೆದಿದೆಯೇ ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು ಹುಳಿ ವಾಸನೆಯದು, ವಿನೆಗರ್ ವಾಸನೆ. ಒಣಗುವಾಗ ಅದು ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಬೆಸುಗೆಯ ಬುಡದಲ್ಲಿ ತಂತಿ ಹಸಿರುಗಟ್ಟುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವರು ವಿರಾಜಪೇಟೆಯಲ್ಲಿ ಟಿವಿ, ಮಿಕ್ಸಿ ರಿಪೇರಿ ಮಾಡುವ ಹಿರಿಯರು. ಒಂದು ಪಂಪ್‌ಸೆಟ್ಟಿನ ಬೋರ್ಡಿನ ಮೇಲಿನ ಸಿಲಿಕೋನ್ ಸಿಪ್ಪೆಯಂತೆ ಸುಲಿದು, "ಇಲ್ಲಿ ನೋಡಿ, ಮೇಲೆ ಚಂದ, ಒಳಗೆ ಪಾಚಿ" ಎಂದರು. ನಿಜವಾಗಿಯೂ ತಾಮ್ರ ಹಸಿರಾಗಿ ಉದುರುತ್ತಿತ್ತು.

ಪೋರ್ಟಿನ ಕುಳಿಯ ತಳದಲ್ಲಿ ನೀರು ಹೋಗಲು ಒಂದು ತೂತಿದೆ. ಅಂಟು ಹಚ್ಚುವಾಗ ಅದಕ್ಕೆ ಬೆಂಕಿಕಡ್ಡಿ ಸಿಕ್ಕಿಸಿಟ್ಟು, ಎಲ್ಲ ಒಣಗಿದ ಮೇಲೆ ತೆಗೆದು ಲೋಟದಲ್ಲಿ ನೀರು ಸುರಿದು ನೋಡಿದೆ. ಚಕ್ರದ ಕಮಾನಿನಿಂದ ನೆಲಕ್ಕೆ ಸರಾಗ ಇಳಿಯಿತು. ಬ್ಯಾಟರಿ ಪೆಟ್ಟಿಗೆ ಡಿಕ್ಕಿಯ ಒಳಹೊದಿಕೆಯ ಹಿಂದೆ, ಕಿತ್ತಳೆ ಕೇಬಲ್ಲಿನಿಂದ ದೂರ, ವೆಲ್ಕ್ರೋ ಪಟ್ಟಿಯಲ್ಲಿ ಕೂತಿದೆ. ಸೆಲ್ಲಿನ ಪ್ಲಸ್ ತಂತಿಗೆ ಅರ್ಧ ಆಂಪಿನ ಫ್ಯೂಸ್ ಇದೆ. ಎಎ ಸೆಲ್ ಚಿಕ್ಕದಾದರೂ ಶಾರ್ಟ್ ಆದರೆ ತಂತಿ ಕಾಯಿಸುವಷ್ಟು ಕಸುವು ಅದಕ್ಕಿದೆ.

ಮನೆಯವಳ ಪ್ರಶ್ನೆ

ಹೆಂಡತಿಗೆ ಮಡಿಕೇರಿಯಲ್ಲಿ ಬೆಳಗ್ಗಿನ ಪಾಳಿ. ಗನ್ ತೆಗೆಯುವುದು ಅವಳೇ, ಇನ್ನೂ ಕತ್ತಲಿರುವಾಗ. ಮೊದಲ ಬೆಳಿಗ್ಗೆಯೇ ಕೇಳಿದಳು: "ಹಾಕುವಾಗ ಲೈಟ್ ಬರ್ತದೆ, ತೆಗೆಯುವಾಗ ಯಾಕೆ ಬರುದಿಲ್ಲ?"

ಗನ್ ಒಳಗಿರುವಾಗ ಮುಚ್ಚಳ ಮುಚ್ಚಲಾಗದು, ಆದ್ದರಿಂದ ರೀಡ್ ಸ್ವಿಚ್ಚಿಗೆ ಬೆಳಿಗ್ಗೆ ಹೊಸದಾಗಿ ತಿಳಿಯುವಂಥದ್ದು ಏನೂ ಇಲ್ಲ. ಅಲುಗಿದರೆ ಎಚ್ಚರಗೊಳ್ಳುವ ಸ್ಪ್ರಿಂಗ್ ಸ್ವಿಚ್ ಯೋಚಿಸಿದೆ. ಹೆಂಚಿನಿಂದ ಸುರಿಯುವ ನೀರು ಕಾರಿಗೆ ಬಡಿದರೆ ರಾತ್ರಿಯಿಡೀ ಎಚ್ಚರಗೊಳ್ಳುತ್ತಲೇ ಇರುತ್ತದೆ, ಬೇಡ. ಎಡಗಡೆಯ ಕೇಸಿಂಗ್ ಪಟ್ಟಿಯ ತುದಿಗೆ ರಬ್ಬರ್ ಟೊಪ್ಪಿಯ ಒಂದು ಪುಟ್ಟ ಒತ್ತುಗುಂಡಿ ಕೂರಿಸಿ, ಚಿಪ್ಪಿನ ಇನ್ನೊಂದು ಪಿನ್ನಿಗೆ ಕೊಟ್ಟೆ. ಗುಂಡಿ ಒತ್ತದಿದ್ದಾಗ ತೆರೆದೇ ಇರುವುದರಿಂದ ಇಲ್ಲಿ ಒಳಗಿನ ಪುಲ್‌ಅಪ್ ಬಳಸಿದರೂ ಖರ್ಚಿಲ್ಲ. ಕತ್ತಲಲ್ಲಿ ಬೆರಳಿಗೆ ಸಿಗುವಂತೆ ಗನ್ ಹಿಡಿಕೆಯ ಮಗ್ಗುಲಿಗೇ ಇದೆ. ಈಗ ಕರೆಂಟ್ ಹೋಗಿ ಶೆಡ್ಡಿನ ಬಲ್ಬು ಆರಿದ್ದರೂ ಗನ್ ತೆಗೆದು, ಡಿಸಿ ಭಾಗದ ರಬ್ಬರ್ ಮುಚ್ಚಳ ನೋಡಿ, ಕೇಬಲ್ ಸುತ್ತಿಟ್ಟು ಹೊರಡುತ್ತಾಳೆ. ಕೇಬಲ್ ಸುತ್ತುವಾಗ ಅದರ ಮಡಿಕೆಯಲ್ಲಿ ಜಿಗಣೆ ಇದೆಯೇ ಎಂದು ನೋಡಲೂ ಈ ಬೆಳಕು ಆಗುತ್ತದೆ ಎನ್ನುವುದು ಅವಳ ಮಾತು.

ಕೈಲ್ ಮುಹೂರ್ತದ ಹೊತ್ತಿಗೆ

ಮಳೆಯ ಜೋರು ಮುಗಿಯಿತು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತ ಬರುವ ಸೆಪ್ಟೆಂಬರ್ ಮೊದಲ ವಾರದಲ್ಲಿ ಪೆಟ್ಟಿಗೆ ಬಿಚ್ಚಿ ನೋಡಿದೆ. ಬೋರ್ಡ್ ಒಣಗಿದೆ, ಬೆಸುಗೆ ಹೊಳೆಯುತ್ತಿದೆ, ಸೆಲ್‌ಗಳು ಸೇರಿ 3.8 ವೋಲ್ಟ್ ತೋರಿಸುತ್ತಿವೆ. ಬಲಗಡೆ ಪಟ್ಟಿಯ ಒಂದು ಮೂಲೆಯಲ್ಲಿ ಜೇಡ ಬಲೆ ಕಟ್ಟಿತ್ತು. ಬೆಳಕಿದ್ದಲ್ಲಿ ಹುಳು, ಹುಳುವಿದ್ದಲ್ಲಿ ಜೇಡ, ಅಂಬರ್ ಆದರೂ ಪೂರ್ತಿ ತಪ್ಪಿಸಲಾಗದು. ಒಣಗಿದ ಪೇಂಟ್ ಬ್ರಷ್ಷಿನಲ್ಲಿ ಗುಡಿಸಿದೆ. ಪೋರ್ಟಿಗೆ ನೀರಿನ ಪ್ರೆಶರ್ ಪೈಪ್ ಹಿಡಿಯಬೇಡಿ, ಸರ್ವಿಸಿಗೆ ಕೊಟ್ಟಾಗಲೂ ಮೊದಲೇ ಹೇಳಿ.

ಮುಚ್ಚಳದ ಅಂಚಿನ ರಬ್ಬರ್ ಸೀಲ್ ಅಯಸ್ಕಾಂತದ ಬದಿಯಲ್ಲಿ ಚೂರು ಒತ್ತಿಕೊಂಡಿದೆ. ಅಯಸ್ಕಾಂತ ದಪ್ಪವಾಯಿತು, ಅದನ್ನು ಉಜ್ಜಿ ತೆಳ್ಳಗೆ ಮಾಡಬೇಕು. 90 ಸೆಕೆಂಡ್ ಹೆಚ್ಚೆಂದೂ ಕಂಡಿದೆ, 60ಕ್ಕೆ ಇಳಿಸುತ್ತೇನೆ. ಕಾಫಿ ಕೊಯ್ಲು ಶುರುವಾದರೆ ಇಂಥದ್ದಕ್ಕೆ ಬಿಡುವಿಲ್ಲ, ಅಷ್ಟರೊಳಗೆ ಎರಡೂ ಆಗಬೇಕು. ಗೋಣಿಕೊಪ್ಪದ ಭಾವನ ಕಾರಿಗೆ ಪೋರ್ಟ್ ಮುಂದಿನ ಗ್ರಿಲ್ಲಿನಲ್ಲಿದೆ. ಅವರಿಗೂ ಒಂದು ಬೇಕಂತೆ. ಅಲ್ಲಿ ಕೆಸರು ನೇರ ಹೊಡೆಯುತ್ತದೆ, ಕೇಸಿಂಗ್ ಪಟ್ಟಿ ತಡೆಯುವುದಿಲ್ಲ. ಎಲ್ಇಡಿಗಳನ್ನು ಪಾರದರ್ಶಕ ಎಪಾಕ್ಸಿಯಲ್ಲಿ ಎರಕ ಹೊಯ್ದು ನೋಡಬೇಕೆಂದಿದ್ದೇನೆ.